ಮೌನಿ ಬಿಟ್ಟ ಸ್ವರ

ಕಿರ್ರ್ ಎಂದು ಶುರುವಾಗಿ, ಏರುತ್ತ ಏರುತ್ತ ಸೂಜಿಯ ಮೊನೆಯಷ್ಟು ಸಣ್ಣದಾಗಿ ನಿಲ್ಲುತ್ತಿತ್ತು ಆ ಗೇಟಿನ ಸದ್ದು. ನಮ್ಮ ಪಕ್ಕದ ಮನೆಯ ಗೇಟು ಅದು. ಬೆಳಿಗ್ಗೆ ಎಂಟೂಮುಕ್ಕಾಲಿಗೆ ಒಮ್ಮೆ, ಸಂಜೆ ಆರೂಕಾಲಿಗೆ ಒಮ್ಮೆ. ಎದುರು ಮನೆಯ ಅಜ್ಜ ಕಿವಿಗೆ ಕೈ ಅಡ್ಡ ಹಿಡಿದು, "ಹಲ್ಲಿನಕ್ಕ ಬಂದ್ಲು, ನನ್ನ ಹಲ್ಲೆಲ್ಲ ಜುಂ ಅಂದ್ವು" ಎನ್ನುತ್ತಿದ್ದರು. ಅಜ್ಜನ ಬಾಯಲ್ಲಿದ್ದ ಹಲ್ಲುಗಳನ್ನೆಲ್ಲ ಮಾಡಿಕೊಟ್ಟವರೇ ಹಲ್ಲಿನಕ್ಕ. ಹಾಗಾಗಿ ಆ ಮಾತಿಗೆ ಬೀದಿ ನಗುತ್ತಿತ್ತು. ಹಲ್ಲಿನಕ್ಕ ಮಾತ್ರ ಚಿಲಕ ಸಿಕ್ಕಿಸಿ, ಏನೂ ಆಗದವರ ಹಾಗೆ ಒಳಗೆ ಹೋಗುತ್ತಿದ್ದರು.

ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಅವರ ಕೆಲಸ. ಕಿಟಕಿಯೊಂದು, ಕಲ್ಲಿನ ಮೇಜೊಂದು, ಮೇಜಿನ ತುಂಬ ಜನರ ಬಾಯಿಗಳು. ಡಾಕ್ಟರು ತೆಗೆದ ಅಚ್ಚು ಒಳಗೆ ಬಂದರೆ ಅದಕ್ಕೆ ಇವರು ಪ್ಲಾಸ್ಟರ್ ಹುಯ್ಯಬೇಕು, ಮೇಣದಲ್ಲಿ ಒಸಡು ಕಟ್ಟಬೇಕು, ಒಂದೊಂದೇ ಹಲ್ಲು ಕೂರಿಸಬೇಕು, ಕುದಿಸಿ ಗಟ್ಟಿ ಮಾಡಬೇಕು. ಕೊನೆಗೆ ಉಜ್ಜುವ ಮೋಟಾರು. ಮುಖದಿಂದ ಒಂದು ಗೇಣು ದೂರದಲ್ಲಿ ಅದು ಕೀ ಎಂದು ಕೂಗುತ್ತ ಮೂವತ್ತೊಂದು ವರ್ಷ ತಿರುಗಿತ್ತು. ಪುಡಿ ಮೂಗಿಗೆ ಹೋಗದಿರಲೆಂದು ಡಾಕ್ಟರು ಬಟ್ಟೆ ಕೊಟ್ಟಿದ್ದರು. ಕಿವಿಯ ಮಾತನ್ನು ಯಾರೂ ಎತ್ತಿರಲಿಲ್ಲ.

"ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅಂತ ಗಾದೆ ಮಾಡಿದವನಿಗೆ ನನ್ನ ವಿಳಾಸ ಗೊತ್ತಿರಲಿಲ್ಲ," ಎಂದು ಅವರು ಹೇಳುವುದಿತ್ತು. ನಗಿಸಿ ತಾವು ನಗದೆ ಇರುವುದು ಅವರ ಕ್ರಮ.

ಮದುವೆಯಾಗಿರಲಿಲ್ಲ. ಮನೆಯಲ್ಲಿ ಇದ್ದವರು ಅವರು ಮತ್ತು ಅವರ ಅತ್ತಿಗೆ, ಇಬ್ಬರೇ. ಅತ್ತಿಗೆ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಆ ಕಡೆಯವರು ಹಲೋ ಎನ್ನುವ ಮುಂಚಿನ ಉಸಿರಿನಲ್ಲೇ ಯಾವ ಡಾಕ್ಟರು ಎಂದು ಅವರಿಗೆ ಗೊತ್ತಾಗಿಬಿಡುತ್ತಿತ್ತಂತೆ. ಹಲ್ಲಿನಕ್ಕನ ಅಣ್ಣ ಸತ್ತು ಹನ್ನೊಂದು ವರ್ಷ. ಅವನಿರುವಾಗ ಈ ಇಬ್ಬರದು ಎಣ್ಣೆ ಸೀಗೆಕಾಯಿ. ಅವನು ಹೋದ ಮೇಲೆ ಜಗಳಕ್ಕೂ ವಿಷಯ ಉಳಿಯಲಿಲ್ಲ. ಉಳಿದದ್ದು ರೆಕಾರ್ಡುಗಳು.

ಅಣ್ಣ ಗ್ರಾಮಫೋನ್ ರೆಕಾರ್ಡಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿ ಮುಚ್ಚಿದ ದಿನ, ಯಾರೂ ಕೊಳ್ಳದೆ ಬಿಟ್ಟಿದ್ದನ್ನೆಲ್ಲ ಎರಡು ಟ್ರಂಕಿನಲ್ಲಿ ತುಂಬಿಕೊಂಡು ಮನೆಗೆ ತಂದ. ಹಾಡಿನವೆಲ್ಲ ಮಾರಿಹೋಗಿದ್ದವು, ಮಾತಿಲ್ಲದವು ಉಳಿದಿದ್ದವು. ಹೆಚ್ಚಿನವು ಪಿಯಾನೋ. ಅವುಗಳಲ್ಲಿ ಒಂದು ಕೃತಿ ಮಾತ್ರ ನಾಲ್ಕು ಜನ ನುಡಿಸಿದ್ದು ನಾಲ್ಕು ರೆಕಾರ್ಡುಗಳಲ್ಲಿತ್ತು. ಏಳು ನಿಮಿಷದ ನಿಧಾನದ ಕೃತಿ. ಕೊನೆಯಲ್ಲಿ ಬಲಗೈ ಒಂದೊಂದೇ ಸ್ವರ ಹತ್ತುತ್ತ ಹೋಗಿ, ಪಿಯಾನೋದ ಬಲತುದಿಯ ಕಟ್ಟಕಡೆಯ ಕೀಯನ್ನು ಒಂದೇ ಸಲ ಮುಟ್ಟಿ ನಿಲ್ಲುತ್ತದೆ. ಅದಕ್ಕೆ ಆ ಮನೆಯಲ್ಲಿ "ಮೆಟ್ಟಿಲು" ಎಂದು ಹೆಸರು. ವಾದಕರ ಹೆಸರು ಅವರಿಬ್ಬರ ನಾಲಿಗೆಗೆ ಒಗ್ಗದ್ದರಿಂದ ಅಣ್ಣ ನಾಲ್ವರಿಗೂ ಅಡ್ಡಹೆಸರಿಟ್ಟಿದ್ದ: ಅವಸರದಪ್ಪ, ಬೆಣ್ಣೆಗೈ, ತಪ್ಪು ಹುಡುಕುವ ಅತ್ತೆ, ಮತ್ತೆ ಮೌನಿ.

ಅವನೇ ಹಾಕಿಕೊಟ್ಟ ಆಟವೊಂದಿತ್ತು. ಭಾನುವಾರ ಮಧ್ಯಾಹ್ನ ಮೂರಕ್ಕೆ ಒಬ್ಬರು ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂರಬೇಕು. ಇನ್ನೊಬ್ಬರು ನಾಲ್ಕರಲ್ಲಿ ಒಂದನ್ನು ಹಾಕಬೇಕು. ಯಾರು ನುಡಿಸಿದ್ದೆಂದು ಹೇಳಬೇಕು, ತಪ್ಪಿದರೆ ಆ ವಾರದ ಪಾತ್ರೆ ಅವರ ಪಾಲು. ಅವನು ಹೋದ ಎರಡನೇ ತಿಂಗಳು ಒಂದು ಭಾನುವಾರ, ಯಾರೂ ಯಾರನ್ನೂ ಕರೆಯದೆ, ಹಲ್ಲಿನಕ್ಕ ಹೋಗಿ ಸ್ಟೂಲಿನ ಮೇಲೆ ಕೂತರಂತೆ. ಅತ್ತಿಗೆ ಟ್ರಂಕು ತೆಗೆದರಂತೆ.

ಆ ಆಟದ ಮಾತು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಸಂಗೀತವೇ ಅಷ್ಟು ಕೇಳುತ್ತಿರಲಿಲ್ಲ.

"ಗೋಡೆ ಮೇಲೆ ಬರೆದಿದ್ಯಾ ಉತ್ತರ? ಹೇಳು."

"ತಡೀರಿ ಅತ್ತಿಗೆ, ಇನ್ನೂ ಬಾಯಿ ತೆರೆದಿಲ್ಲ ಅವನು. ಹಾಂ, ಅವಸರದಪ್ಪ. ಒಲೆ ಮೇಲೆ ಹಾಲಿಟ್ಟು ಬಂದವನ ಥರ ನುಡಿಸ್ತಾನೆ."

"ಮತ್ತೆ? ಎಲ್ಲರೂ ನಿನ್ನ ಮೌನಿ ಥರ ಸಾವಿನ ಮನೇಲಿ ಹೆಜ್ಜೆ ಇಟ್ಟ ಹಾಗೆ ಇಡಬೇಕಾ?"

"ನಿಮ್ಮ ಬೆಣ್ಣೆಗೈ ಥರ ಜಾರಿ ಬೀಳೋದಕ್ಕಿಂತ ವಾಸಿ. ಒಂದು ಸ್ವರಾನಾದ್ರೂ ನೆಟ್ಟಗೆ ನಿಲ್ಲುತ್ತಾ ಅವಂದು?"

"ನಿಲ್ಲಬೇಕು ಅಂದ್ರೆ ಕಂಬ ನೆಡು. ಪಿಯಾನೋ ಯಾಕೆ?"

ಮೌನಿಯನ್ನು ಮಾತ್ರ ಹಲ್ಲಿನಕ್ಕ ಎಂದೂ ತಪ್ಪು ಹೇಳುತ್ತಿರಲಿಲ್ಲ. ಅವನ ವಿಷಯದಲ್ಲಿ ಅವರದೇ ಒಂದು ಸಿದ್ಧಾಂತವಿತ್ತು. ಕಾಂಪೌಂಡಿನ ಈ ಕಡೆ ನಿಂತ ನನಗೆ, ಬಟ್ಟೆ ಒಣಹಾಕುತ್ತ, ಒಂದು ಸಂಜೆ ಅದನ್ನು ಹೇಳಿದ್ದರು.

"ಮೆಟ್ಟಿಲ ಕೊನೇ ಸ್ವರ ಇದ್ಯಲ್ಲ, ಮೂರು ಜನಾನೂ ನುಡಿಸ್ತಾರೆ. ಅವಸರದಪ್ಪ ಕುಟ್ಟಿ ಓಡ್ತಾನೆ. ಅತ್ತೆ ಬೆರಳಿಟ್ಟು ತೋರಿಸ್ತಾಳೆ. ಬೆಣ್ಣೆಗೈ ಸವರ್ತಾನೆ. ಮೌನಿ ಏನು ಮಾಡ್ತಾನೆ ಗೊತ್ತಾ? ಅಲ್ಲೀವರೆಗೂ ಹತ್ತಿ, ನುಡಿಸೋದೇ ಇಲ್ಲ. ಬಿಟ್ಟುಬಿಡ್ತಾನೆ. ಉಳಿದವರೆಲ್ಲ ಹತ್ತಿ ಬಂದು ಬಾಗಿಲು ತಟ್ಟುತ್ತಾರೆ. ಇವನು ತಟ್ಟಲ್ಲ. ಒಳಗೆ ಯಾರೂ ಇಲ್ಲ ಅಂತ ಇವನಿಗೆ ಗೊತ್ತು."

ಅತ್ತಿಗೆ ಅಲ್ಲೇ ಹಗ್ಗದ ಆ ತುದಿಯಲ್ಲಿದ್ದರು. ಬಕೆಟ್ಟಿನಲ್ಲಿ ಇನ್ನೂ ಬಟ್ಟೆಯಿತ್ತು. ಅದನ್ನು ಹಾಗೇ ಬಿಟ್ಟು ಒಳಗೆ ಹೋದರು.

ನನಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ರೆಕಾರ್ಡನ್ನು ನಾನು ಕೇಳಿರಲಿಲ್ಲ. ಮಾತೇ ಸಾಕಾಗಿತ್ತು. ನಮ್ಮ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು ತಿಂಗಳಿಗೊಮ್ಮೆ ಸಂಗೀತ ಕೇಳುವ ಕೂಟ ನಡೆಸುತ್ತಿದ್ದರು. ಅವರಿಗೆ ಹೇಳಿದೆ. ಅವರು ಮರುದಿನವೇ ನನ್ನೊಂದಿಗೆ ಬಂದು, ಆ ಕಿರುಗುಡುವ ಗೇಟು ತೆರೆದು, ಹಲ್ಲಿನಕ್ಕನನ್ನು ಕೂಟದಲ್ಲಿ ಮಾತಾಡಲು ಕರೆದರು.

"ನಾನು ಹಲ್ಲು ಮಾಡೋಳು, ಸಾರ್."

"ನಿಮ್ಮಂಥ ಕಿವಿ ನಮ್ಮಲ್ಲಿ ಯಾರಿಗೂ ಇಲ್ಲ ಅಂತ ಈ ಹುಡುಗಿ ಹೇಳ್ತಾಳೆ. ಆ ನಾಲ್ಕು ರೆಕಾರ್ಡು ತನ್ನಿ. ಆ ಕೊನೇ ಸ್ವರದ ಮಾತು ಹೇಳಿ. ಅಷ್ಟೇ ಸಾಕು."

ಹಲ್ಲಿನಕ್ಕ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತು. ಅವರದೇ ಹಲ್ಲುಗಳು ಅಷ್ಟು ಸಣ್ಣವೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅತ್ತಿಗೆ ನೀರು ತಂದಿಟ್ಟು ಬಾಗಿಲ ಬಳಿ ನಿಂತಿದ್ದರು. ಮೇಷ್ಟ್ರು ಎದ್ದಾಗ, "ಬಾಯಿ ಬಿಟ್ಟು ಮಾತಾಡಿ ರೂಢಿ ಇಲ್ಲ ಇವಳಿಗೆ. ಬೇರೆಯವರ ಬಾಯಿ ಬಿಡಿಸಿಯೇ ರೂಢಿ," ಎಂದರು. ತಮಾಷೆ ಎಂದುಕೊಂಡು ನಾವು ನಕ್ಕೆವು.

ಆ ಮಾತಿನ ಹಿಂದುಮುಂದನ್ನೆಲ್ಲ ಅತ್ತಿಗೆಯೇ ನನಗೆ ಹೇಳಿದ್ದು, ಎಷ್ಟೋ ತಿಂಗಳ ನಂತರ. ಅಣ್ಣ ಇದ್ದಾಗ ಮೌನಿಯ ಕೊನೆಯ ಸ್ವರದ ಬಗ್ಗೆ ಹಲ್ಲಿನಕ್ಕ, "ಎಷ್ಟು ಮೆತ್ತಗೆ ನುಡಿಸ್ತಾನೆ" ಎನ್ನುತ್ತಿದ್ದರಂತೆ. ಕೆಲವು ವರ್ಷ ಕಳೆದು "ಇದೆಯೋ ಇಲ್ಲವೋ ಅನ್ನೋ ಹಾಗೆ" ಎಂದರು. ಆರು ವರ್ಷದ ಹಿಂದೆ ಒಂದು ಭಾನುವಾರ, ಗೋಡೆಗೆ ಮುಖ ಮಾಡಿ ಕೂತಿದ್ದವರು, "ಅತ್ತಿಗೆ, ಇವನು ನುಡಿಸೋದೇ ಇಲ್ಲ" ಎಂದರು. ಹೊಸದೊಂದನ್ನು ಕಂಡುಹಿಡಿದವರ ದನಿ. ಅತ್ತಿಗೆ ಮೊದಲು ತಮಾಷೆ ಎಂದುಕೊಂಡರು. ಮರು ವಾರ ಅದೇ ಮಾತು. ಅದರ ಮರು ವಾರವೂ. ಸ್ವರವಂತೂ ಅಲ್ಲೇ ಇತ್ತು, ಸಣ್ಣಗೆ, ಗಾಜಿನ ಲೋಟಕ್ಕೆ ಉಗುರು ತಾಗಿದ ಹಾಗೆ.

ಹೇಳಬೇಕೆಂದು ಎಷ್ಟು ಸಲ ಅಂದುಕೊಂಡರೋ. ಹೇಳಿದರೆ ಆ ಸ್ಟೂಲಿನ ಮೇಲೆ ಅವಳು ಮತ್ತೆ ಕೂರುವುದಿಲ್ಲ. ಕೂರದಿದ್ದರೆ ಆ ಮನೆಯಲ್ಲಿ ಇಬ್ಬರೂ ಸೇರಿ ಮಾಡುವಂಥದ್ದು ಏನಿದೆ? "ಕಿವುಡರ ಮುಂದೆ ಶಂಖ ಊದಿದ ಹಾಗೆ" ಎಂದು ನಾದಿನಿಯನ್ನು ಛೇಡಿಸುವುದು ಅವರ ಹಳೆಯ ಚಾಳಿ. ಆ ಗಾದೆಯನ್ನು ಅಂದಿನಿಂದ ಬಿಟ್ಟರು.

ಮೇಷ್ಟ್ರು ಬಂದು ಕರೆದ ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಮೆಲ್ಲಗೆ ಶುರು ಮಾಡಿದರು.

"ಬೆಣ್ಣೆಗೈ ಬಗ್ಗೆ ಹೇಳು. ಅವನ ಬಗ್ಗೆ ಚೆನ್ನಾಗಿ ಬಯ್ಯೋಕೆ ಬರುತ್ತೆ ನಿನಗೆ."

"ಅವರು ಕರೆದಿರೋದು ಮೌನಿಗೋಸ್ಕರ."

"ಅವನೇ ಸುಮ್ಮನಿದ್ದಾನೆ. ಅವನ ಬಗ್ಗೆ ಏನು ಹೇಳ್ತೀಯ?"

"ಅದನ್ನೇ ಹೇಳ್ತೀನಿ. ನಿಮಗ್ಯಾಕೆ ಹೊಟ್ಟೆಕಿಚ್ಚು? ಮೂವತ್ತೊಂದು ವರ್ಷದಲ್ಲಿ ನನ್ನನ್ನ ಯಾರಾದ್ರೂ ಏನಾದ್ರೂ ಕೇಳಿದ್ದಾರಾ, ಇದು ಕಚ್ಚುತ್ತೆ, ಇದು ಸಡಿಲ ಅನ್ನೋದು ಬಿಟ್ಟು?"

ಅತ್ತಿಗೆ ತಟ್ಟೆ ಎತ್ತಿಕೊಂಡು ಎದ್ದರು.

ಹಲ್ಲಿನಕ್ಕ ಕ್ಲಿನಿಕ್ಕಿನ ಚೀಟಿಗಳ ಹಿಂಬದಿಯಲ್ಲಿ ಭಾಷಣ ಬರೆದರು. ಆ ವಾರ ಅಜ್ಜನ ಕೆಳಗಿನ ಸೆಟ್ಟು ಉಜ್ಜಿದ್ದು ಒಂದು ಕಡೆ ಹೆಚ್ಚಾಯಿತಂತೆ. ಅಜ್ಜ, "ಭಾಷಣ ಆಗೋವರೆಗೂ ಗಂಜಿ ಕುಡೀತೀನಿ ಬಿಡು" ಎಂದರು.

ಅವರ ಮನೆಯಲ್ಲಿ ವರ್ಷಕ್ಕೊಮ್ಮೆ ರೆಕಾರ್ಡಿನ ಕಾಗದದ ಹೊದಿಕೆಗಳನ್ನು ಹಿತ್ತಲಿನ ಕಲ್ಲುಬೆಂಚಿನ ಮೇಲೆ ಹರಡಿ ಗಾಳಿಗೆ ಇಡುವ ಪದ್ಧತಿ. ಮುಗ್ಗಲು ಹಿಡಿಯದಿರಲೆಂದು. ರೆಕಾರ್ಡಿನ ತಟ್ಟೆಗಳನ್ನು ಹೊದಿಕೆಯಿಂದ ತೆಗೆದು ಮನೆಯೊಳಗೆ ನಿಲ್ಲಿಸಿ, ಬರಿಯ ಹೊದಿಕೆಗಳನ್ನು ನೆರಳಿನಲ್ಲಿಡಬೇಕು. ಇದೂ ಅಣ್ಣನೇ ಹಾಕಿದ ಕಟ್ಟಳೆ. ಕೂಟದ ಹಿಂದಿನ ದಿನ, ಶುಕ್ರವಾರ, ಕಾಲವಲ್ಲದ ಕಾಲದಲ್ಲಿ ಅತ್ತಿಗೆ ಹೊದಿಕೆಗಳನ್ನು ಹರಡಿದರು. ಮೌನಿಯದನ್ನು ತಟ್ಟೆಯ ಸಮೇತ, ಬೆಂಚಿನ ಬಿಸಿಲಿನ ತುದಿಗೆ. ಸಂಜೆ ಹಲ್ಲಿನಕ್ಕ ಬಂದು ನೋಡಿದಾಗ ಅದು ಒಣಗಿದ ಎಲೆಯ ಹಾಗೆ ಎರಡೂ ಕಡೆ ಮಡಚಿಕೊಂಡಿತ್ತು.

ಅವತ್ತಿನ ಜಗಳ ಬೀದಿಗೇ ಕೇಳಿಸಿತು.

"ಬಿಸಿಲಿಗೆ ಇಡಬಾರದು ಅಂತ ನಿಮಗೆ ಗೊತ್ತಿಲ್ವಾ? ನಿಮಗೆ?"

"ಮರೆತೆ."

"ಊರಿನವರ ನಂಬರೆಲ್ಲ ಬಾಯಲ್ಲಿರೋ ನಿಮಗೆ ಮರೆವು? ನನ್ನ ಅಣ್ಣ ತಂದ ರೆಕಾರ್ಡು ಅದು!"

"ನನ್ನ ಗಂಡ ತಂದಿದ್ದೂ ಹೌದು."

 ಸ್ವಲ್ಪ ಹೊತ್ತಿಗೆ ಹಲ್ಲಿನಕ್ಕ ಗೇಟಿನ ಬಳಿ ಬಂದು ನನ್ನನ್ನು ಕರೆದು, ನಾಳೆ ಬರುವುದಿಲ್ಲವೆಂದು ಮೇಷ್ಟ್ರಿಗೆ ಹೇಳಲು ಹೇಳಿದರು. ಕಣ್ಣು ಕೆಂಪಾಗಿತ್ತು. ಅವರ ಕೈಯಲ್ಲಿದ್ದ ಹೊದಿಕೆಯ ಮೇಲಿನ ಹೆಸರು ಓದಿಕೊಂಡು ನಾನು ಓಡಿದೆ. ಮೇಷ್ಟ್ರು ರೆಕಾರ್ಡಿನ ಹೊದಿಕೆಯ ಮೇಲಿನ ಹೆಸರನ್ನು ನನ್ನಿಂದ ಕೇಳಿ ತಿಳಿದು, ಕಂಪ್ಯೂಟರಿನಲ್ಲಿ ಹುಡುಕಿದರು. ಒಂದು ನಿಮಿಷವೂ ಆಗಲಿಲ್ಲ. ಅದೇ ವಾದಕ, ಅದೇ ವರ್ಷ, ಅದೇ ಏಳು ನಿಮಿಷ.

ಕುಣಿಯುತ್ತ ಬಂದು ಹೇಳಿದೆ. ಅತ್ತಿಗೆ ಬಾಗಿಲಲ್ಲಿದ್ದರು.

"ಅದೂ ಸಿಗುತ್ತಾ ಈಗ?" ಎಂದರು.

"ಎಲ್ಲ ಸಿಗುತ್ತೆ, ಆಂಟಿ."

ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಆ ರೆಕಾರ್ಡು ಲೋಕದಲ್ಲಿ ತಮ್ಮ ಮನೆಯಲ್ಲಿ ಮಾತ್ರ ಇದೆಯೆಂದು ಅವರಿಬ್ಬರೂ ನಂಬಿದ್ದರೆಂದು ಆಗ ನನಗೆ ಹೊಳೆಯಲಿಲ್ಲ. ಮನೆಗೆ ಬೆಂಕಿಯಿಟ್ಟು ತಲೆಯೆತ್ತಿ ನೋಡಿದರೆ ಊರೆಲ್ಲ ಅದೇ ಮನೆ. ಅವರ ಸ್ಥಿತಿ ಹಾಗಿತ್ತು.

ಶನಿವಾರ ಮಧ್ಯಾಹ್ನ ಕೂಟಕ್ಕೆ ನಲವತ್ತು ಜನ ಬಂದಿದ್ದರು. ಹೊರಗೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವರ ಹೆಸರು. ಅದರ ಮುಂದೆ ಹಲ್ಲಿನಕ್ಕ ಒಂದು ಕ್ಷಣ ನಿಂತು, ಬೇರೆ ಯಾರದೋ ಹೆಸರು ಓದುವ ಹಾಗೆ ಓದಿ ಒಳಗೆ ಬಂದರು. ಅತ್ತಿಗೆ ಬರುವುದಿಲ್ಲವೆಂದಿದ್ದವರು ಬಂದು ಕೊನೆಯ ಸಾಲಿನಲ್ಲಿ ಕೂತರು. ಅಕ್ಕಪಕ್ಕ ಖಾಲಿ.

ಹಲ್ಲಿನಕ್ಕ ಚೆನ್ನಾಗಿ ಮಾತಾಡಿದರು. ಚೀಟಿ ನೋಡಲೇ ಇಲ್ಲ. ಒಂದೇ ಅಚ್ಚಿನಿಂದ ನಾಲ್ಕು ಜನ ಹಲ್ಲು ಕಟ್ಟಿದರೆ ನಾಲ್ಕು ನಗು ಆಗುತ್ತವೆ, ಹಾಗೆಯೇ ಇದು ಎಂದರು. ಅವಸರದಪ್ಪನ ಹಾಲು ಉಕ್ಕಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ತಪ್ಪು ಹುಡುಕುವ ಅತ್ತೆ ಬಂದಾಗ ಮೇಷ್ಟ್ರೇ ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಹಲ್ಲಿನಕ್ಕ ದನಿ ತಗ್ಗಿಸಿದರು.

"ಈಗ ಮೌನಿ. ಕೊನೇವರೆಗೂ ಉಸಿರು ಬಿಡಬೇಡಿ. ಅವನು ಹತ್ತುತ್ತಾನೆ, ಕೊನೇ ಮೆಟ್ಟಿಲ ಮೇಲೆ ಕಾಲಿಡಲ್ಲ. ಆ ಸ್ವರ ಇರಲ್ಲ. ಆ ಇಲ್ಲದೇ ಇರೋದನ್ನ ಕೇಳಿ."

ಏಳು ನಿಮಿಷ ಯಾರೂ ಕೆಮ್ಮಲಿಲ್ಲ. ಬಲಗೈ ಹತ್ತತೊಡಗಿತು. ಒಂದು, ಇನ್ನೊಂದು, ಮತ್ತೊಂದು. ನಿಂತಿತು. ಆಮೇಲೆ, ಬಹಳ ಮೆತ್ತಗೆ, ಬಹಳ ಸ್ಪಷ್ಟವಾಗಿ, ಅದು ಬಂತು.

ಹಲ್ಲಿನಕ್ಕ ಕಣ್ಣು ಮುಚ್ಚಿದ್ದರು. ಮುಖ ಶಾಂತವಾಗಿತ್ತು. ಕಣ್ಣು ತೆರೆದು, "ನೋಡಿದ್ರಾ?" ಎಂದರು.

ಹುಡುಗರು ಒಬ್ಬರನ್ನೊಬ್ಬರು ನೋಡಿದರು. ಮೇಷ್ಟ್ರು ಸ್ಪೀಕರಿನ ತಂತಿ ಸರಿಮಾಡುವವರಂತೆ ಬಗ್ಗಿದರು. ಆಗ ಒಬ್ಬಳು ಕೈ ಎತ್ತಿದಳು.

"ಅಕ್ಕಾ, ಸ್ವರ ಇದೆ. ನುಡಿಸ್ತಾರೆ."

ಕೈ ಎತ್ತಿದವಳು ನಾನು. ಸರಿಯಾದ್ದನ್ನು ಹೇಳುವುದು ಒಳ್ಳೆಯದೆಂದು ಆ ವಯಸ್ಸಿನಲ್ಲಿ ನಂಬಿದ್ದೆ.

"ಇನ್ನೊಂದು ಸಲ ಹಾಕಿ ಸಾರ್, ಕೊನೇದು ಮಾತ್ರ," ಎಂದರು ಹಲ್ಲಿನಕ್ಕ.

ಈ ಸಲ ಅವರು ಕಣ್ಣು ಮುಚ್ಚಲಿಲ್ಲ. ಸ್ಪೀಕರಿನ ಕಡೆಯೂ ನೋಡಲಿಲ್ಲ. ನಮ್ಮನ್ನು ನೋಡಿದರು. ಕೈ ಹತ್ತಿತು, ನಿಂತಿತು, ಸ್ವರ ಬಂತು. ನಲವತ್ತು ಮುಖಗಳು ಒಟ್ಟಿಗೆ, ಕೂದಲೆಳೆಯಷ್ಟು, ಮೇಲೆದ್ದವು. ನನಗೂ ತಡೆಯಲಾಗಲಿಲ್ಲ. ಆ ಸ್ವರವನ್ನು ಅವರು ನಮ್ಮ ಮುಖದ ಮೇಲೆ ಕಂಡರು. ಕಂಡ ಕೂಡಲೇ ಅವರ ಕಣ್ಣು ಕೊನೆಯ ಸಾಲಿಗೆ ಹೋಯಿತು. ಅತ್ತಿಗೆ ತಲೆ ಎತ್ತಿರಲಿಲ್ಲ. ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತ ಕೂತಿದ್ದರು.

"ಮೋಟಾರಿನ ಮುಂದೆ ಕೂತ ಕಿವಿ," ಎಂದರು ಹಲ್ಲಿನಕ್ಕ, ಯಾರಿಗೆಂದಿಲ್ಲದೆ. "ಹೋಗಿದ್ದು ಹೇಳಿ ಹೋಗಲಿಲ್ಲ. ಕ್ಷಮಿಸಿ." ಚೀಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ಚೀಲಕ್ಕೆ ಹಾಕಿಕೊಂಡರು. ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ತಟ್ಟದೆ ಇರುವುದಕ್ಕಿಂತ ಕೆಟ್ಟದಾಗಿತ್ತು.

ಮೂವರೂ ನಡೆದು ಬಂದೆವು. ಉಳಿದ ಮೂರು ರೆಕಾರ್ಡು ನನ್ನ ಕೈಯಲ್ಲಿ. ಅಂಚೆ ಕಚೇರಿ ದಾಟಿದಾಗ ಹಲ್ಲಿನಕ್ಕ ಅತ್ತಿಗೆಯ ಕಡೆ ತಿರುಗಿದರು.

"ಬಿಸಿಲಿಗೆ ಇಟ್ಟಿದ್ದು ಬೇಕಂತಲೇ."

"ಹೌದು," ಎಂದರು ಅತ್ತಿಗೆ.

"ಅಣ್ಣನ ಅಕ್ಷರ ಇತ್ತು ಅದರ ಮೇಲೆ."

"ಇತ್ತು."

ಗೇಟಿನ ಹತ್ತಿರ ಹಲ್ಲಿನಕ್ಕ ನಿಂತರು. ಕೈಯಿಟ್ಟು, ಬಹಳ ನಿಧಾನವಾಗಿ ಅದನ್ನು ತಳ್ಳಿದರು. ಕಣ್ಣು ನನ್ನ ಮುಖದ ಮೇಲೆ. ಗೇಟು ಕಿರ್ರ್ ಎಂದು ಏರಿತು. ನಾನು ಮುಖ ಗಟ್ಟಿ ಹಿಡಿಯಲು ನೋಡಿದೆ. ಎದುರಿನ ಜಗಲಿಯಲ್ಲಿ ಅಜ್ಜನ ಕೈ ಕಿವಿಗೆ ಹೋಯಿತು.

"ಇದೂನಾ?" ಎಂದರು ಹಲ್ಲಿನಕ್ಕ.

ನಾನು ತಲೆಯಾಡಿಸಿದೆ.

"ಎಷ್ಟು ದಿನದಿಂದ?"

"ಎರಡು ವರ್ಷ," ಎಂದರು ಅತ್ತಿಗೆ.

"ಒಂದು ಹನಿ ಎಣ್ಣೆ ಬಿಡೋಕೆ ಆಗಲಿಲ್ವಾ ನಿಮಗೆ?"

"ಬಿಡಬಹುದಿತ್ತು. ದಿನಾ ಸಂಜೆ ಒಳಗೆ ಕೂತು ಕಾಯ್ತಿದ್ದೆ. ಇವತ್ತಾದ್ರೂ ಬಂದು, ಎಣ್ಣೆ ಹಾಕಬಾರದಾ ಅತ್ತಿಗೆ ಅಂತ ನನ್ನನ್ನ ಬಯ್ತಾಳೇನೋ ಅಂತ. ನೀನು ಬಯ್ದಿದ್ರೆ ಸಾಕಾಗಿತ್ತು."

ಹಲ್ಲಿನಕ್ಕ ಗೇಟನ್ನು ಮುಚ್ಚಿದರು. ಮತ್ತೆ ತೆರೆದರು. ಮುಚ್ಚಿದರು. ಆ ಕಬ್ಬಿಣದಲ್ಲಿ ಏನೋ ಸಿಕ್ಕೀತೆಂಬ ಹಾಗೆ.

ಅತ್ತಿಗೆ ಅವರ ತೋಳು ಮುಟ್ಟಿದರು. "ನಾಳೆ ಭಾನುವಾರ. ಗೋಡೆ ಕಡೆ ಕೂರಬೇಡ. ಸ್ಟೂಲನ್ನ ನನ್ನ ಕಡೆ ತಿರುಗಿಸಿಕೋ. ಕೊನೇ ಸ್ವರ ಬಂದಾಗ ನನ್ನ ಮುಖ ನೋಡು. ನಾನು ಮುಚ್ಚಿಡಲ್ಲ."

"ಮುಖ ನೋಡಿ ಯಾರು ನುಡಿಸಿದ್ದು ಅಂತ ಹೇಳೋಕೆ ನಾನೇನು ಶಾಸ್ತ್ರ ಹೇಳೋಳಾ?" ಹಲ್ಲಿನಕ್ಕನ ದನಿಯಲ್ಲಿ ಹಳೆಯ ಕೊಂಕಿತ್ತು. ಕೊಂಕು ತುದಿ ಮುಟ್ಟುವ ಮೊದಲೇ ಮುರಿಯಿತು. ಚೀಲವನ್ನು ಹೆಗಲಿಗೇರಿಸಿದರು. ಮನೆಯ ಕಡೆ ತಿರುಗಲಿಲ್ಲ. ಮುಚ್ಚಿದ ಕ್ಲಿನಿಕ್ಕಿನ ಬೀದಿಯ ಕಡೆ ಹೆಜ್ಜೆ ಹಾಕುತ್ತ, ನಮ್ಮ ಕಡೆ ಬೆನ್ನು ಮಾಡಿಯೇ, "ನಿಮ್ಮ ಮುಖ ನೋಡಬೇಕಾಗಿದ್ದು ನಾಳೆ ಅಲ್ಲ ಅತ್ತಿಗೆ, ಆರು ವರ್ಷ ನಾನು ಗೋಡೆ ನೋಡ್ತಾ ಕೂತು, ಇವನು ನುಡಿಸೋದೇ ಇಲ್ಲ, ನುಡಿಸೋದೇ ಇಲ್ಲ ಅಂತ ಹೇಳುವಾಗ, ನನ್ನ ಬೆನ್ನ ಹಿಂದೆ ನೀವು ಇಟ್ಕೊಂಡಿದ್ದ ಮುಖ, ಅದನ್ನ," ಎಂದರು.